ಅತ್ತಿಗೆಯ ಬಾಯಿಗೆ ಒಗ್ಗುವ ಹೆಸರು

ನಮ್ಮ ಅತ್ತಿಗೆ ತಾನು ಹೆತ್ತ ಮೊದಲ ಎರಡು ಮಕ್ಕಳನ್ನು ಒಂದು ದಿನವೂ ಹೆಸರು ಹಿಡಿದು ಕರೆದವಳಲ್ಲ. ಕರೆಯುವ ಹಾಗಿರಲಿಲ್ಲ. ದೊಡ್ಡವಳಿಗೆ ಇಟ್ಟದ್ದು ನಮ್ಮ ಅವ್ವನ ಹೆಸರು, ಅಂದರೆ ಅತ್ತಿಗೆಗೆ ಅತ್ತೆಯ ಹೆಸರು. ಎರಡನೆಯವನಿಗೆ ಇಟ್ಟದ್ದು ತೀರಿಹೋದ ನಮ್ಮ ದೊಡ್ಡಪ್ಪನ ಹೆಸರು, ಅಂದರೆ ಅವಳಿಗೆ ದೊಡ್ಡಮಾವನ ಹೆಸರು. ಅತ್ತೆ, ಮಾವ, ಗಂಡ, ಗಂಡನ ಮನೆಯ ಹಿರಿಯರು ಯಾರೇ ಆಗಲಿ, ಅವರ ಹೆಸರನ್ನು ಸೊಸೆಯಾದವಳು ಬಾಯಲ್ಲಿ ಆಡಬಾರದು. ಆಡಿದರೆ ಇದ್ದವರ ಆಯಸ್ಸು ಕಡಿಮೆಯಾಗುತ್ತದೆ, ಸತ್ತವರಿಗೆ ಆ ಲೋಕದಲ್ಲಿ ಮರ್ಯಾದೆ ಹೋಗುತ್ತದೆ ಎಂದು ನಂಬಿಕೆ. ಹಾಗಾಗಿ ಅತ್ತಿಗೆ ಮಗಳನ್ನು 'ಪುಟ್ಟಿ' ಎಂದೂ ಮಗನನ್ನು 'ಇವ್ನೇ' ಎಂದೂ ಕರೆದುಕೊಂಡು ಸಂಸಾರ ನಡೆಸುತ್ತಿದ್ದಳು.

ಇದು ಎಪ್ಪತ್ತರ ದಶಕದ ನಡುವಿನ ಮಾತು. ಹೊಳಲ್ಕೆರೆ ತಾಲ್ಲೂಕಿನಲ್ಲಿ, ತಾಳ್ಯದಿಂದ ಆಚೆಗೆ ನಮ್ಮ ಊರು. ಒಂದು ಮಂದೆ ಕುರಿ, ರಾಗಿ ಜೋಳ ಬೆಳೆಯುವ ಹೊಲ, ಹಿತ್ತಲಿಗೆ ಅಂಟಿಕೊಂಡು ಕುರಿ ಕೂಡುವ ರೊಪ್ಪ, ಇಷ್ಟು ನಮ್ಮ ಆಸ್ತಿ. ನಾನು ಚಿತ್ರದುರ್ಗದ ಹಾಸ್ಟೆಲಿನಲ್ಲಿದ್ದುಕೊಂಡು ಕಾಲೇಜು ಓದುತ್ತಿದ್ದೆ. ನಮ್ಮ ಮನೆತನದಲ್ಲಿ ದುರ್ಗಕ್ಕೆ ಓದಲು ಹೋದ ಮೊದಲ ಹೆಣ್ಣು ಎಂದು ನನಗೆ ಎರಡು ಕೋಡು ಮೂಡಿದ್ದವು. ರಜೆಗೆ ಊರಿಗೆ ಬಂದರೆ ಮನೆಯವರ ತಪ್ಪು ಹುಡುಕುವುದೇ ನನ್ನ ಕೆಲಸ. ಅವ್ವ ಎರಡು ದಿನ ಸುಮ್ಮನಿದ್ದು ಮೂರನೆಯ ದಿನ, 'ನಿನ್ ಕಾಲೇಜು ಯಾವತ್ತು ತೆಗೀತಾರೆ?' ಎಂದು ಕೇಳುತ್ತಿದ್ದಳು.

ಅತ್ತಿಗೆ ಹೊಸದುರ್ಗದ ಕಡೆಯವಳು. ಮಾತಿನಲ್ಲಿ ಚುರುಕು, ಆದರೆ ಆ ಮಾತಿಗೆ ನಮ್ಮ ಮನೆಯಲ್ಲಿ ಎಲ್ಲ ಕಡೆಯೂ ಬೇಲಿ. ನಮ್ಮಪ್ಪನ ಹೆಸರಿನಲ್ಲಿ ಮನೆದೇವರ ಹೆಸರೂ ಸೇರಿಕೊಂಡಿತ್ತು. ಅದರಿಂದ ದೇವರ ಮುಂದೆ ನಿಂತಾಗಲೂ ಅವಳು 'ಗುಡ್ಡದ ಮ್ಯಾಲಿನೋನೇ, ಕಾಪಾಡಪ್ಪ' ಎಂದೇ ಬೇಡಿಕೊಳ್ಳಬೇಕಾಗಿತ್ತು.

"ಅತ್ತಿಗೆ, ಗುಡ್ಡದ ಮ್ಯಾಲೆ ಕುರಿ ಕಾಯೋರೂ ಇರ್ತಾರೆ. ಯಾರಿಗೆ ಕೈ ಮುಗೀತಿದೀಯ?" ಎಂದು ಕಾಡುತ್ತಿದ್ದೆ.

"ಗೊತ್ತಾಗ್ಬೇಕಾದೋನಿಗೆ ಗೊತ್ತಾಗ್ತೈತೆ ಬಿಡು ಸಣ್ಣವ್ವ," ಎನ್ನುವಳು. ನನ್ನನ್ನು ಅವಳು ಕರೆಯುತ್ತಿದ್ದದ್ದು ಹಾಗೆ.

ಇದೆಲ್ಲ ತಮಾಷೆಯಾಗಿಯೇ ಇತ್ತು, ಹೊಳಲ್ಕೆರೆ ಸಂತೆಯಲ್ಲಿ ಹುಡುಗ ಕೈತಪ್ಪುವವರೆಗೆ. ಅತ್ತಿಗೆ, ನಾನು, ಅವಳ ಮಗ ಮೂವರೂ ಹೋಗಿದ್ದೆವು. ಅವನಿಗೆ ಆಗ ಮೂರು ವರ್ಷವೂ ತುಂಬಿರಲಿಲ್ಲ. ಒಣಮೆಣಸಿನಕಾಯಿ ನೋಡಲು ಅತ್ತಿಗೆ ಬಗ್ಗಿದ್ದೊಂದೇ, ಸೆರಗು ಹಿಡಿದಿದ್ದ ಹುಡುಗ ಕಾಣಲಿಲ್ಲ. ನಾನು ಮಡಕೆ ಸಾಲಿನ ಕಡೆ ಓಡಿದೆ, ಅವಳು ದನದ ಸಂತೆಯ ಕಡೆ ಓಡಿದಳು. ಓಡುತ್ತಾ ಅವಳು ಕೂಗುತ್ತಿದ್ದುದು ನನಗೆ ಕೇಳಿಸುತ್ತಿತ್ತು: "ಏ ಇವ್ನೇ! ಲೇ ಇವ್ನೇ! ಮಗಾ, ಬಾರೋ ಇವ್ನೇ!" ಸಂತೆಯಲ್ಲಿದ್ದ ಗಂಡಸರೆಲ್ಲ ತಿರುಗಿ ನೋಡುತ್ತಿದ್ದರು. ಯಾರೋ ಒಬ್ಬ, "ನಾನೇನವ್ವ?" ಎಂದು ಕೇಳಿ ನಕ್ಕ. ಆ ನಗು ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಗಂಟಲು ಹರಿಯುವ ಹಾಗೆ ಹುಡುಗನ ಹೆಸರು ಕೂಗಿದೆ. ಬುಟ್ಟಿ ಮಾರುವವಳ ಹಿಂದಿನಿಂದ 'ಓ' ಎಂದು ಬಂದ.

ಅತ್ತಿಗೆ ಅವನನ್ನು ಅಪ್ಪಿಕೊಂಡು ಅಲ್ಲೇ ದೂಳಿನಲ್ಲಿ ಕುಳಿತುಬಿಟ್ಟಳು. ಬಸ್ಸಿನಲ್ಲಿ ಕೇಳಿದೆ, "ಅಂಥ ಹೊತ್ತಿನಲ್ಲೂ ಹೆಸರು ಕೂಗೋಕೆ ಆಗ್ಲಿಲ್ವ?"

"ಬಾಯಿ ತಂಕ ಬಂತು ಸಣ್ಣವ್ವ. ಹೊರಗೆ ಬರ್ಲಿಲ್ಲ. ಬಾಯಿಗೆ ಬೀಗ ಹಾಕಿ ಮಕ್ಕಳನ್ನ ಕೊಟ್ಟವ್ರೆ ನಂಗೆ," ಎಂದಳು.

ಅವಳು ಮತ್ತೆ ಬಸುರಿಯಾದಾಗ ಆ ಒಂದು ವಿಷಯದಲ್ಲಿ ಗಟ್ಟಿಯಾಗಿ ಕುಳಿತಳು. ಗಂಡೋ ಹೆಣ್ಣೋ, ಹುಟ್ಟಿದ್ದನ್ನು ತಾನು ಹೆಸರು ಹಿಡಿದು ಕರೆಯಬೇಕು. ಹಾಗೆಂದು ಮೊದಲು ಹೇಳಿದ್ದು ನನಗೇ. ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ, ಅಂದರೆ ನಾನು. ಕಿವಿಗೆ ಒಮ್ಮೆ ಬಿದ್ದ ಹೆಸರನ್ನು ಯಾರೂ ತೆಗೆಯುವಂತಿಲ್ಲ. ಅಷ್ಟು ದೊಡ್ಡ ಅಧಿಕಾರ ನನ್ನ ಕೈಯಲ್ಲಿದೆ ಎಂದು ನನಗೆ ಅಲ್ಲಿಯವರೆಗೆ ತೋಚಿಯೇ ಇರಲಿಲ್ಲ.

ನಾನು ಹಾಸ್ಟೆಲಿಗೆ ವಾಪಸ್ಸಾದವಳೇ ಗೆಳತಿಯರ ಮುಂದೆ ಈ ಸಮಸ್ಯೆ ಇಟ್ಟೆ. ಒಂದು ಭಾನುವಾರ ಚಂದ್ರವಳ್ಳಿಯ ಬಂಡೆಯ ಮೇಲೆ ಕುಳಿತು ಮಂಡಕ್ಕಿ ತಿನ್ನುತ್ತಾ ಎಲ್ಲರೂ ಹೆಸರು ಹುಡುಕಿದೆವು. ಸಿನಿಮಾದಲ್ಲಿ ಕೇಳಿದವು, ಬಂಗಾಳಿ ಕಾದಂಬರಿಗಳ ಅನುವಾದದಲ್ಲಿ ಓದಿದವು, ಬೆಂಗಳೂರಿನವರು ಇಡುತ್ತಾರಂತೆ ಎಂದು ಕೇಳಿದ ಎರಡಕ್ಷರದವು. ತುರುವನೂರಿನ ಗೆಳತಿಯೊಬ್ಬಳು, "ನಿಮ್ಮತ್ತಿಗೆ ಬಾಯಿಗೆ ಬರ್ದೇ ಇರೋ ಹೆಸರು ಇಟ್ಟು ಏನ್ ಮಾಡ್ತೀಯ? ಹಲ್ಲಿಲ್ಲದೋರಿಗೆ ಕಡಲೆ ಕೊಟ್ಟಂಗೆ," ಎಂದು ನಕ್ಕಳು. ಅವಳು ಹೇಳಿದ್ದೇ ಸರಿಯಾಯಿತು. ದಸರಾ ರಜೆಗೆ ಹೋಗಿ ಒಂದೊಂದೇ ಹೆಸರು ಹೇಳುತ್ತಾ ಹೋದರೆ, ಅತ್ತಿಗೆ ಒಂದೊಂದನ್ನೇ ಕಲ್ಲು ಹೆಕ್ಕಿದಂತೆ ಹೆಕ್ಕಿ ಎಸೆದಳು.

"ಅದ್ರಾಗೆ ನಮ್ಮತ್ತೆ ಹೆಸ್ರು ಅರ್ಧ ಐತಲ್ಲ."

"ಇದು?"

"ಅದು ನಮ್ಮ ಸಣ್ಣಮಾವನ ಹೆಸ್ರಿನ ಬಾಲ."

"ಹೋಗ್ಲಿ, ಇದು ಯಾರ್ದೂ ಅಲ್ಲ."

"ಯಾರ್ದೂ ಅಲ್ಲ ನಿಜ. ಅದನ್ನ ಕೂಗಿದ್ರೆ ಕುರಿನೂ ತಿರುಗಿ ನೋಡಲ್ಲ."

ನಾವು ಕುಳಿತಿದ್ದದ್ದು ರೊಪ್ಪದ ಪಕ್ಕದ ಹೊಂಗೆಮರದ ಬುಡದಲ್ಲಿ. ಮಧ್ಯಾಹ್ನದ ಕೆಲಸ ಮುಗಿದ ಮೇಲೆ ಅತ್ತಿಗೆಗೆ ಸಿಗುತ್ತಿದ್ದ ಒಂದಿಷ್ಟು ಬಿಡುವು ಅಲ್ಲೇ ಕಳೆಯುತ್ತಿತ್ತು. ಅವಳು ಸೊಂಟಕ್ಕೆ ಮರದ ಆಸರೆ ಕೊಟ್ಟು, ಕಾಲು ಚಾಚಿಕೊಂಡು ಹೇಳಿದಳು:

"ಗಂಡಸರ ಹೆಸ್ರು ಅಂದ್ರೆ ಮಾವ, ಬಾವ ಬಂದು ನಿಂತ್ಕಂತಾರೆ. ಹೆಂಗಸರ ಹೆಸ್ರು ಅಂದ್ರೆ ಅತ್ತೆ, ದೊಡ್ಡತ್ತೆ, ಅವರತ್ತೆ. ದೇವ್ರ ಹೆಸ್ರು ಇಡಾಣ ಅಂದ್ರೆ ಆ ದೇವ್ರುನ್ನೂ ಇವರೇ ಹಂಚ್ಕಂಡವ್ರೆ. ಗಂಡೂ ಅಲ್ಲ, ಹೆಣ್ಣೂ ಅಲ್ಲ, ದೇವ್ರೂ ಅಲ್ಲ ಅನ್ನೋ ಹೆಸ್ರು ಬೇಕು ಕಣೆ ನಂಗೆ."

ಹಾಗೆಂದು ತಲೆಯೆತ್ತಿ ಮೇಲೆ ನೋಡಿ, "ಹೊಂಗೆ," ಎಂದಳು.

ನಾನು ಬಿದ್ದು ಬಿದ್ದು ನಕ್ಕೆ. ಕೂಸಿಗೆ ಮರದ ಹೆಸರೇ? ಅದೂ ಅರಳಿ, ಬನ್ನಿ, ಬಿಲ್ವದಂಥ ಪೂಜೆಯ ಮರವೂ ಅಲ್ಲ, ಕುರಿ ನೆರಳಿಗೆ ನಿಲ್ಲುವ ಹೊಂಗೆ. ಅತ್ತಿಗೆ ನಗಲಿಲ್ಲ. "ಇದನ್ನ ಯಾರು ನೆಟ್ರೋ ಗೊತ್ತಿಲ್ಲ. ಯಾರ ಹೆಸ್ರೂ ಇದಕ್ಕೆ ಅಂಟ್ಕಂಡಿಲ್ಲ. ಈ ಮನೆಗೆ ಬಂದಾಗ್ಲಿಂದ ನಾನು ಬಾಯ್ತುಂಬ ಹೇಳಿರೋ ಹೆಸ್ರು ಇದೊಂದೇ," ಎಂದಳು. ನಂತರ ಗಟ್ಟಿಯಾಗಿ, ಯಾರನ್ನೋ ಕರೆಯುವ ಹಾಗೆ ಒಂದು ಸಲ ಕೂಗಿ ನೋಡಿದಳು. ರೊಪ್ಪದ ಮರಿಗಳು ಕಿವಿ ನಿಮಿರಿಸಿದವು. "ನೋಡಿದ್ಯಾ, ಕುರಿನೂ ತಿರುಗ್ತು," ಎಂದು ಆಗ ನಕ್ಕಳು.

ಶಿವರಾತ್ರಿ ಕಳೆದು ಹೆಣ್ಣು ಹುಟ್ಟಿತು. ಅಣ್ಣ ಆಗ ಮಂದೆ ಹೊಡೆದುಕೊಂಡು ಹಿರಿಯೂರಿನ ಕಡೆ ಹೋಗಿದ್ದ. ಅಲ್ಲಿನ ನೀರಾವರಿ ಹೊಲದವರು ಗೊಬ್ಬರಕ್ಕೆಂದು ಕುರಿ ನಿಲ್ಲಿಸಿಕೊಳ್ಳುತ್ತಿದ್ದರು, ಅವನು ತಿಂಗಳುಗಟ್ಟಲೆ ಊರಿಗೆ ಬರುತ್ತಿರಲಿಲ್ಲ. ಹಿರಿಯೂರಿನಿಂದ ಬರುವವರ ಕೈಲಿ, 'ಹೆಸ್ರು ನೀವೇ ನೋಡಿ ಇಟ್ಕಳ್ರಿ' ಎಂದು ಹೇಳಿಕಳಿಸಿದ. ಹೆಂಡತಿ ಮತ್ತು ತಾಯಿಯ ನಡುವಿನ ವಿಷಯದಿಂದ ದೂರ ಉಳಿಯಲು ಅಷ್ಟು ದೂರ ಹೋಗಿ ಕುರಿ ಮೇಯಿಸಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಏಕೆಂದರೆ ಅಷ್ಟರಲ್ಲಿ ಮನೆಯಲ್ಲಿ ಬೇರೆಯೇ ಹೆಸರು ತೀರ್ಮಾನವಾಗಿತ್ತು. ಹಿಂದಿನ ವರ್ಷ ನಮ್ಮಜ್ಜಿ, ಅಂದರೆ ಅಪ್ಪನ ತಾಯಿ, ತೀರಿಕೊಂಡಿದ್ದಳು. ಅಪ್ಪ ಕೂಸನ್ನು ಮೊದಲ ಸಲ ನೋಡಿದಾಗಲೇ, "ಹಣೆ ನೋಡ್ರಿ, ನಮ್ಮವ್ವನೇ ಬಂದಾಳೆ," ಎಂದುಬಿಟ್ಟ. ತಾಯಿ ಹೋದಾಗ ಒಂದು ಹನಿ ಕಣ್ಣೀರು ಹಾಕದ ಮನುಷ್ಯ ಅವತ್ತು ಕಂಬಳಿಯ ಅಂಚಿನಿಂದ ಕಣ್ಣೊರೆಸಿಕೊಂಡ. ಆಮೇಲೆ ಬೇರೆ ಹೆಸರಿನ ಮಾತೆತ್ತಲು ಯಾರಿಗೆ ಬಾಯಿ ಬರಬೇಕು?

ಬಾಯಿ ಬಂದದ್ದು ನನಗೆ. ಊರಿಗೆ ಬಂದವಳೇ ಅಡುಗೆಮನೆಯಲ್ಲಿ ಅವ್ವನ ಹತ್ತಿರ ಅತ್ತಿಗೆಯ ಆಸೆ ಹೇಳಿದೆ. ಅವ್ವ ಮುದ್ದೆ ತೊಳಸುತ್ತಿದ್ದ ಕೋಲು ನಿಲ್ಲಿಸಿ ನನ್ನ ಮುಖ ನೋಡಿದಳು.

"ಹೊಂಗೆ ಅಂತ ಯಾರಾನಾ ಇಡ್ತಾರೇನೆ? ಇವತ್ತು ಹೊಂಗೆ ಅಂತಾರೆ, ನಾಳೆ ಹೊಂಗೆ ಹಿಂಡಿ ಅಂತಾರೆ. ಗಂಡೋ ಹೆಣ್ಣೋ ಗೊತ್ತಾಗಲ್ಲ. ನಿಮ್ಮಪ್ಪ ಅಷ್ಟು ಆಸೆ ಪಟ್ಕಂಡವ್ನೆ."

"ಅತ್ತಿಗೆ ಕೂಸನ್ನ ಏನಂತ ಕರೀಬೇಕು?"

"ನಾವೆಲ್ಲ ಹೆಂಗೆ ಕರ್ದು ಸಾಕಿದ್ವೋ ಹಂಗೆ. ಅವಳೊಬ್ಳೇ ಸೊಸೆ ಆಗಿ ಬಂದಾಳೇನು ಲೋಕದಾಗೆ?"

ಮುದ್ದೆ ಗಂಟುಕಟ್ಟುತ್ತದೆ ಎಂದು ಅವ್ವ ಮತ್ತೆ ಕೋಲು ಹಿಡಿದಳು. ಬಾಣಂತಿ ಕೋಣೆಗೆ ಹೋದರೆ ಅತ್ತಿಗೆಗೆ ಎಲ್ಲ ಕೇಳಿಸಿತ್ತು. "ಬಿಡು ಸಣ್ಣವ್ವ. ಮಾವನ ಮನಸ್ಸು ಯಾಕೆ ನೋಯಿಸ್ಬೇಕು. ಇದನ್ನೂ ಪುಟ್ಟಿ ಅಂತೀನಿ, ದೊಡ್ಡ ಪುಟ್ಟಿ, ಸಣ್ಣ ಪುಟ್ಟಿ," ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ನನಗೆ ಅಪ್ಪನ ಮೇಲೂ ಸಿಟ್ಟು, ಅವ್ವನ ಮೇಲೂ ಸಿಟ್ಟು, ಇಷ್ಟು ಬೇಗ ಸೋತ ಅತ್ತಿಗೆಯ ಮೇಲೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂತು.

ಹೆಸರಿಡುವ ಹಿಂದಿನ ದಿನ ಗುಗ್ಗರಿಗೆ ಕಡಲೆ ನೆನೆಹಾಕುತ್ತಿದ್ದೆ. ಆಗ ಒಂದು ವಿಷಯ ಹೊಳೆಯಿತು. ನಮ್ಮ ಮನೆಯ ಶಾಸ್ತ್ರದಲ್ಲಿ ಸೋದರತ್ತೆ ತಾನಾಗಿ ಹೆಸರು ಹೇಳುವುದಿಲ್ಲ. ಮನೆಯ ಹಿರಿಯ ಹೆಂಗಸು ತೊಟ್ಟಿಲ ಪಕ್ಕ ನಿಂತು, ಎಲ್ಲರಿಗೂ ಕೇಳುವಂತೆ ಹೆಸರು ಹೇಳಬೇಕು. ಅದನ್ನು ಸೋದರತ್ತೆ ಕೂಸಿನ ಕಿವಿಗೆ ಹಾಕಬೇಕು. ಮೊದಲ ಎರಡು ಮಕ್ಕಳಿಗೆ ಹಾಗೆ ಹೇಳಿದವಳು ಅಜ್ಜಿ. ಒಂದು ಅವಳ ಸೊಸೆಯ ಹೆಸರು, ಇನ್ನೊಂದು ಅವಳ ಮಗನ ಹೆಸರು, ಅವಳಿಗೇನು ಅಡ್ಡಿ? ಈಗ ಅಜ್ಜಿ ಇಲ್ಲ. ಹಿರಿಯಳು ಎಂದರೆ ಅವ್ವ. ಅವ್ವ ಹೇಳಬೇಕಾದದ್ದು ತನ್ನ ಅತ್ತೆಯ ಹೆಸರು. ಇಷ್ಟು ದಿನ ಮನೆಯಲ್ಲಿ ಅಷ್ಟೆಲ್ಲ ಮಾತುಕತೆ ನಡೆದರೂ ಇದು ಅಪ್ಪನಿಗೂ ಹೊಳೆದಿಲ್ಲ, ಅವ್ವನಿಗೂ ಹೊಳೆದಿಲ್ಲ. ನಾನು ಯಾರಿಗೂ ಹೇಳಲಿಲ್ಲ, ಅತ್ತಿಗೆಗೆ ಕೂಡ. ಕಡಲೆಗೆ ಇನ್ನೊಂದು ಚೊಂಬು ನೀರು ಹಾಕಿ ಮುಚ್ಚಿಟ್ಟೆ.

ಮರುದಿನ ನಡುಮನೆಯ ತೊಲೆಗೆ ತೊಟ್ಟಿಲು ಕಟ್ಟಿದ್ದರು. ಕೇರಿಯ ಹೆಂಗಸರೆಲ್ಲ ಸೇರಿದ್ದರು. ಗಂಡಸರು ಹೊರಗೆ ಜಗಲಿಯ ಮೇಲೆ, ಅವರಿಗೆ ಒಳಗೆ ಬರಲು ಅಪ್ಪಣೆಯಿಲ್ಲ. ಹಾಡು ಮುಗಿಯಿತು. ನನ್ನ ಬೆನ್ನ ಹಿಂದೆ ನಾಲ್ಕಾರು ಜನ ಗುದ್ದಲು ಮುಷ್ಟಿ ಕಟ್ಟಿಕೊಂಡು ತಯಾರಾಗಿ ನಿಂತರು. ಹೆಸರು ಹೇಳುವಾಗ ಸೋದರತ್ತೆಯ ಬೆನ್ನಿಗೆ ಗುದ್ದುವುದೂ ಶಾಸ್ತ್ರವೇ, ಅದರಲ್ಲಿ ಅವರಿಗೆಲ್ಲ ಹೇಳಲಾರದ ಉತ್ಸಾಹ. ಅವ್ವ ಸೆರಗು ಸರಿಮಾಡಿಕೊಂಡು ತೊಟ್ಟಿಲ ಪಕ್ಕಕ್ಕೆ ಬಂದಳು.

"ಹೇಳವ್ವ," ಎಂದೆ.

"ನಿಮ್ಮಜ್ಜಿ ಹೆಸ್ರು ಹಾಕು."

"ಅಜ್ಜಿ ಹೆಸ್ರು ಏನು?"

"ನಿಂಗೊತ್ತಿಲ್ಲೇನೆ?"

"ನಂಗೊತ್ತೈತೆ. ಆದ್ರೆ ಹಿರೇರ ಬಾಯಿಂದ ಬರ್ಬೇಕಲ್ಲ? ನೀನು ಹೇಳಿದ್ದನ್ನ ನಾನು ಹಾಕ್ತೀನಿ."

ಅವ್ವನಿಗೆ ಆಗ ಗೊತ್ತಾಯಿತು. ಹೆಂಗಸರಿಗೂ ಗೊತ್ತಾಯಿತು. ಮೊದಲು ಒಬ್ಬಳು ನಕ್ಕಳು, ಆಮೇಲೆ ನಡುಮನೆಯೇ ನಕ್ಕಿತು. "ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ. ಇಲ್ಲಿ ನೋಡ್ರೇ, ಅತ್ತೆನೂ ಸೊಸೆನೇ ಆಗ್ಬಿಟ್ಲು!" ಎಂದು ಪಕ್ಕದ ಮನೆಯ ಮುದುಕಿ ಬಾಯಿಗೆ ಸೆರಗಿಟ್ಟುಕೊಂಡಳು. ನನಗೆ ಗೆದ್ದ ಖುಷಿ. ಅವ್ವ ನನ್ನನ್ನು ಸುಡುವ ಹಾಗೆ ನೋಡಿದಳು. ನಂತರ ಹೇಳಿಯೇಬಿಡುತ್ತೇನೆ ಎಂಬ ಹಟದಿಂದ ಉಸಿರೆಳೆದುಕೊಂಡಳು. ತುಟಿ ಕೂಡಿತು, ಮೊದಲ ಅಕ್ಷರಕ್ಕೆ ಬಾಯಿ ಸಿದ್ಧವಾದದ್ದನ್ನು ನಾನು ಕಂಡೆ. ಸ್ವರ ಹೊರಡಲಿಲ್ಲ. ಇನ್ನೊಮ್ಮೆ ಯತ್ನಿಸಿದಳು. ಆಗಲೂ ಹೊರಡಲಿಲ್ಲ. ನಗುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು. ಅಲ್ಲಿದ್ದ ಹೆಂಗಸರಲ್ಲಿ ಯಾರ ಮನೆಯ ಸೊಸೆಯೂ ಅಲ್ಲದವಳು ನಾನೊಬ್ಬಳೇ.

ಅಷ್ಟು ಹೊತ್ತಿಗೆ ಅತ್ತಿಗೆಯ ಮಗ ಗುಗ್ಗರಿ ಬೇಕೆಂದು ಅವಳ ಸೀರೆ ಎಳೆಯತೊಡಗಿದ. "ಇರೋ ಇವ್ನೇ, ಸುಮ್ನಿರೋ," ಎಂದು ಅತ್ತಿಗೆ ಪಿಸುಗುಟ್ಟಿದಳು. ದಿನಕ್ಕೆ ಹತ್ತಾರು ಸಲ ಮನೆಯಲ್ಲಿ ಕೇಳುವ ಮಾತು ಅದು. ಅವ್ವ ಹೊಸದಾಗಿ ಕೇಳಿದವಳ ಹಾಗೆ ಆ ಹುಡುಗನನ್ನು ನೋಡಿದಳು, ನಂತರ ಅತ್ತಿಗೆಯನ್ನು ನೋಡಿದಳು.

"ನಿನ್ ಬಾಯಿಗೆ ಏನ್ ಬರ್ತೈತೆ, ಹೇಳು," ಎಂದಳು. ಅತ್ತಿಗೆ ಈ ಮನೆಗೆ ಬಂದು ಅಷ್ಟು ವರ್ಷವಾದರೂ ಅವಳನ್ನು ಯಾರಾದರೂ ಹಾಗೆ ಕೇಳಿದ್ದನ್ನು ನಾನು ಕಂಡಿರಲಿಲ್ಲ.

ಅತ್ತಿಗೆ ತಲೆ ತಗ್ಗಿಸಿಯೇ, "ಹೊಂಗೆ, ಅತ್ತೆ," ಎಂದಳು.

"ಅದು ನನ್ ಬಾಯಿಗೂ ಬರ್ತೈತೆ," ಎಂದಳು ಅವ್ವ. ನನ್ನ ಕಡೆ ತಿರುಗಿ, ಜಗಲಿಗೂ ಕೇಳುವಂತೆ, "ಹೊಂಗೆ! ಹಾಕೇ ಕಿವಿಗೆ, ಏನ್ ನೋಡ್ತೀಯ?" ಎಂದು ಗದರಿದಳು. ನಾನು ಬಗ್ಗಿ ಕೂಸಿನ ಕಿವಿಯಲ್ಲಿ ಮೂರು ಸಲ ಹೇಳಿದೆ. ಬೆನ್ನಿಗೆ ಬಿದ್ದ ಗುದ್ದುಗಳಲ್ಲಿ ಅವ್ವನದೇ ಎಲ್ಲಕ್ಕಿಂತ ಜೋರಾಗಿತ್ತು.

ಹೊರಗೆ ಅಪ್ಪ ಗುಗ್ಗರಿಯನ್ನು ಕೈಯಲ್ಲಿ ಹಿಡಿದುಕೊಂಡೇ ಸ್ವಲ್ಪ ಹೊತ್ತು ಕುಳಿತಿದ್ದ. ತಿನ್ನಲಿಲ್ಲ. ಕಂಬಳಿ ಹೆಗಲಿಗೆ ಹಾಕಿಕೊಂಡು ಹೊಲದ ಕಡೆ ಹೊರಟುಹೋದ. ಅದನ್ನು ನೋಡಿ ನನ್ನ ಖುಷಿ ಅರ್ಧ ಇಳಿಯಿತು. ಸಂಜೆ ಬಂದವನು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, "ಏನವ್ವಾ, ಮರ ಆಗ್ಬಿಟ್ಯಾ?" ಎಂದು ಮಾತಾಡಿಸಿದ. ಅವಳನ್ನು ಅವನು ಹೊಂಗೆ ಎಂದು ಕರೆದದ್ದೇ ಇಲ್ಲ. ಬದುಕಿರುವವರೆಗೂ 'ನಮ್ಮವ್ವ' ಎಂದ. ಅವಳೂ ಅದಕ್ಕೆ ಓಗೊಡುತ್ತಿದ್ದಳು.

ಮರುದಿನ ಬೆಳಿಗ್ಗೆ ಅವ್ವ, ನಾನು ಪಡಸಾಲೆಯಲ್ಲಿ ರಾಗಿ ಕೇರುತ್ತಾ ಕುಳಿತಿದ್ದೆವು. ಅತ್ತಿಗೆ ಕೋಣೆಯಲ್ಲಿ ಕೂಸಿನ ಜೊತೆ ಇದ್ದಳು. ಅಲ್ಲಿಂದ "ಹೊಂಗೇ" ಎಂದು ಕೂಗು ಬಂತು. ಸ್ವಲ್ಪ ಬಿಟ್ಟು ಮತ್ತೆ, "ಏ ಹೊಂಗೇ, ಹೊಂಗವ್ವಾ." ಕೂಸು ಅವಳ ಮಡಿಲಲ್ಲೇ ಇತ್ತು. ಕೂಗುವ ಅಗತ್ಯವೇನೂ ಇರಲಿಲ್ಲ. ಆದರೂ ದೂರದ ಹೊಲದಲ್ಲಿರುವವರನ್ನು ಕರೆಯುವ ಹಾಗೆ ಬಾಯ್ತುಂಬ ಕರೆಯುತ್ತಿದ್ದಳು.

"ಓ ಅಂತೈತೇನು ಅದು, ಹಂಗ್ ಬಡ್ಕಂತಾಳಲ್ಲ," ಎಂದು ಅವ್ವ ನಕ್ಕಳು. ನಿನ್ನೆಯ ಸಿಟ್ಟು ಇಳಿದಿತ್ತು. ನಾನೂ ಸಲಿಗೆಯಿಂದ, "ನೀನು ನನ್ನನ್ನ ಒಂದಿನಾನಾದ್ರೂ ಹೆಸ್ರು ಹಿಡ್ದು ಕರ್ದಿದೀಯ?" ಎಂದು ಕೇಳಿದೆ. ನನಗಿರುವುದು ಅಪ್ಪನ ಅಕ್ಕನ ಹೆಸರು, ತನ್ನ ಮದುವೆಗೆ ಮುಂಚೆಯೇ ತೀರಿಹೋದವಳದು. ಅವ್ವನಿಗೆ ನಾನು ಹುಟ್ಟಿದಾಗಿನಿಂದ 'ಹುಡ್ಗಿ'. ಸ್ಕೂಲಿಗೆ ಸೇರಿದ ಮೊದಲ ದಿನ ಮೇಷ್ಟ್ರು ಹಾಜರಿ ಕೂಗಿದಾಗ, ಆ ಹೆಸರಿನವಳು ಇನ್ನೂ ಬಂದಿಲ್ಲವೇನೋ ಎಂದು ನಾನೂ ಬಾಗಿಲ ಕಡೆ ನೋಡಿದ್ದೆ. ಇದನ್ನು ಹೇಳಿ ಅವ್ವನನ್ನು ನಗಿಸಬೇಕೆಂದಿದ್ದೆ.

ಅವ್ವ ನಗಲಿಲ್ಲ. ಮೊರ ತೊಡೆಯ ಮೇಲೆ ಇಟ್ಟುಕೊಂಡಳು.

"ಕರ್ದಿದೀನಿ," ಎಂದಳು. "ಒಂದ್ಸಲ."

"ಯಾವಾಗ?"

"ನೀನು ಇನ್ನೂ ಬಟ್ಟೆ ಒಳಗಿನ ಕೂಸು. ಎಲ್ರೂ ಹೊಲಕ್ಕೆ ಹೋಗಿದ್ರು. ಯಾರೂ ಇರ್ಲಿಲ್ಲ. ಹೆತ್ತಿದ್ದು ನಾನು, ಕರೀಬೇಕು ಅನ್ನಿಸ್ತು. ನಿನ್ ಕಿವಿ ಹತ್ರ ಬಾಯಿಟ್ಟು ಕರ್ದೆ. ನೀನು ಕಣ್ಬಿಟ್ಟು ನೋಡ್ದೆ. ಆಮ್ಯಾಲೆ ನಂಗೆ ಎಷ್ಟು ಭಯ ಆಯ್ತು ಅಂದ್ರೆ, ದೇವ್ರಿಗೆ ಕಾಯಿ ಒಡೆಸಿ ಬಂದೆ. ಯಾಕೆ ಅಂತ ನಿಮ್ಮಪ್ಪಂಗೂ ಹೇಳ್ಲಿಲ್ಲ."

ಕೋಣೆಯಿಂದ ಅತ್ತಿಗೆ ಇನ್ನೂ ಕರೆಯುತ್ತಲೇ ಇದ್ದಳು. ಅವ್ವ ಮೊರ ಎತ್ತಿಕೊಂಡು ಮತ್ತೆ ಕೇರತೊಡಗಿದಳು. ಅವಳ ಬಾಯಲ್ಲಿ ನನ್ನ ಹೆಸರು ಹೇಗೆ ಕೇಳಿಸಿತ್ತು ಎಂದು ನೆನಪಿಸಿಕೊಳ್ಳಲು ನಾನು ಇವತ್ತಿಗೂ ಒಮ್ಮೊಮ್ಮೆ ಪ್ರಯತ್ನಿಸುತ್ತೇನೆ. ಕಣ್ಣು ಬಿಟ್ಟು ನೋಡಿದೆನಂತೆ. ನನಗೆ ನೆನಪಿಲ್ಲ.